ನಲ್ಲಿ ನಿಂತ ದಿನ ಬೇಕರಿ ತೆರೆದಿರಬಹುದೇ?

ಪ್ರಶ್ನೆ: ಬೆಂಗಳೂರಿನ ಮಹದೇವಪುರ ಕಡೆಯ ಬೇಕರಿಯೊಂದರಲ್ಲಿ ನಾನು ಮೇಲ್ವಿಚಾರಕಿ. ಒಟ್ಟು ಒಂಬತ್ತು ಜನ ಕೆಲಸ ಮಾಡುತ್ತೇವೆ, ನಾಲ್ವರು ಹೆಂಗಸರು. ಹಿಂದೆ ಬನ್, ಪಫ್ಸ್, ಕೇಕ್ ತಯಾರಾಗುತ್ತವೆ. ಮುಂದೆ ಟೀ, ಜ್ಯೂಸ್, ಸ್ಯಾಂಡ್‌ವಿಚ್ ಕೌಂಟರ್ ಇದೆ. ಬೇಸಗೆಯಲ್ಲಿ ಕಟ್ಟಡದ ಬೋರ್‌ವೆಲ್ ಕೈಕೊಡುತ್ತದೆ, ಟ್ಯಾಂಕರ್ ಹೇಳಿದ ಹೊತ್ತಿಗೆ ಬರುವುದಿಲ್ಲ. ವಾರದಲ್ಲಿ ಎರಡು ದಿನವಾದರೂ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಲ್ಲಿ ನಿಂತುಬಿಡುತ್ತದೆ. ಮಾಲೀಕರು ಕೆಟ್ಟವರಲ್ಲ. ಆದರೆ ‘ಕ್ಯಾನ್ ನೀರಿದೆ, ಸ್ಯಾನಿಟೈಸರ್ ಇದೆ, ಹೇಗೋ ಸಂಜೆಯವರೆಗೆ ಓಡಿಸಿ’ ಎನ್ನುತ್ತಾರೆ. ಗಲೀಜಾಗುತ್ತದೆಂದು ಶೌಚಾಲಯಕ್ಕೆ ಬೀಗ ಹಾಕಿಸುತ್ತಾರೆ. ನಾವು ಹೆಂಗಸರು ಪಕ್ಕದ ಪೆಟ್ರೋಲ್ ಬಂಕಿಗೆ ಹೋಗಬೇಕು, ಇಲ್ಲವೇ ನೀರು ಕುಡಿಯದೆ ಇರಬೇಕು. ನೀರು ನಿಂತ ತಕ್ಷಣ ಅಂಗಡಿ ಮುಚ್ಚಲೇಬೇಕೆಂದು ಅಂತರ್ಜಾಲದಲ್ಲಿ ಒಂದು ಕಡೆ ಓದಿದೆ. ನಮ್ಮಲ್ಲಿ ಅಂಥ ಕಾನೂನೇ ಇಲ್ಲವೆಂದು ಮಾಲೀಕರ ಸ್ನೇಹಿತರು ಹೇಳಿದರು. ಯಾವುದು ಸರಿ? ನಾಳೆ ಏನಾದರೂ ಆದರೆ ನನ್ನ ಮೇಲೆ ಬರುತ್ತದೆಯೇ? ದೂರು ಕೊಡುವುದಾದರೆ ಯಾರಿಗೆ ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಆತಂಕಗಳಿವೆ. ನೀರಿಲ್ಲದ ಅಂಗಡಿಯಿಂದ ಗಿರಾಕಿಗೆ ಕಾಯಿಲೆ ಹೋದೀತೇ ಎಂಬುದು ಮೊದಲನೆಯದು, ಕೆಲಸದವರ ಶೌಚಾಲಯಕ್ಕೆ ಬೀಗ ಹಾಕುವುದು ಸರಿಯೇ ಎಂಬುದು ಎರಡನೆಯದು, ಇವೆರಡಕ್ಕೂ ನಾಳೆ ಯಾರಾದರೂ ಉತ್ತರ ಕೇಳಿದರೆ ಅದು ನಿಮ್ಮ ತಲೆಗೆ ಬಂದೀತೇ ಎಂಬುದು ಮೂರನೆಯದು. ಆಹಾರ ಸುರಕ್ಷತೆಯ ತಪಾಸಣೆ ಮತ್ತು ತರಬೇತಿಯ ಕೆಲಸದಲ್ಲಿರುವ ನನಗೆ ಬೇಸಗೆ ಬಂತೆಂದರೆ ಇದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಎದುರಾಗುತ್ತದೆ, ಮತ್ತು ಹೆಚ್ಚಿನವರು ‘ಮುಚ್ಚಬೇಕೋ ಬೇಡವೋ’ ಎಂದಷ್ಟೇ ಕೇಳುತ್ತಾರೆ. ಉಳಿದಿರುವ ನೀರಿನಲ್ಲಿ ಯಾವ ಕೆಲಸ ಮುಂದುವರಿಯಬಹುದು, ಯಾವುದು ಆ ಕ್ಷಣವೇ ನಿಲ್ಲಬೇಕು ಎಂದು ಕೇಳಿಕೊಂಡರೆ ದಾರಿ ಕಾಣುತ್ತದೆ. ಬ್ರೆಡ್ ಪ್ಯಾಕೆಟ್ಟಿಗೂ ಮೋಸಂಬಿ ಜ್ಯೂಸಿಗೂ ಒಂದೇ ಉತ್ತರ ಇರಲಾರದು.

ಮೊದಲು ನೀವು ಕೇಳಿದ ಎರಡು ಮಾತುಗಳನ್ನು ನೋಡೋಣ. ನೀರು ನಿಂತೊಡನೆ ಮುಚ್ಚಬೇಕೆಂಬುದು ಬಹುಶಃ ಅಮೆರಿಕದ ಪುಟವೊಂದರಿಂದ ಬಂದದ್ದು. ಅಲ್ಲಿನ ಮಾದರಿ ಆಹಾರ ಸಂಹಿತೆಯು ನೀರಿನ ಪೂರೈಕೆ ಕಡಿದುಹೋಗುವುದನ್ನು ಬೆಂಕಿ, ಪ್ರವಾಹ, ಒಳಚರಂಡಿ ಉಕ್ಕುವುದು ಇವುಗಳ ಸಾಲಿನಲ್ಲೇ ತಕ್ಷಣದ ಆರೋಗ್ಯ ಅಪಾಯವೆಂದು ಎಣಿಸಿ, ಕೆಲಸ ನಿಲ್ಲಿಸಿ ಇಲಾಖೆಗೆ ತಿಳಿಸಬೇಕೆನ್ನುತ್ತದೆ. ಮೊದಲೇ ಒಪ್ಪಿಗೆ ಪಡೆದ ತುರ್ತು ಯೋಜನೆ ಇದ್ದರೆ ಮಾತ್ರ ಮುಂದುವರಿಯಲು ಬಿಡುತ್ತದೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಕೊಳವೆಯಲ್ಲಿ ನೀರಿರುವ ಊರಿಗೆ ಬರೆದ ನಿಯಮ ಅದು. ನಮ್ಮಲ್ಲಿ ಕಾನೂನೇ ಇಲ್ಲವೆಂಬ ಮಾತು ಇದಕ್ಕಿಂತ ದೊಡ್ಡ ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಬಂದ 2011ರ ಪರವಾನಗಿ ನಿಯಮಾವಳಿಗೆ ‘ಶೆಡ್ಯೂಲ್ 4’ ಎಂಬ ಅನುಬಂಧವಿದೆ, ಅಂಗಡಿಯ ಶುಚಿತ್ವದ ಎಲ್ಲ ಷರತ್ತುಗಳೂ ಅದರಲ್ಲಿವೆ. ಕುಡಿಯಲು ಯೋಗ್ಯವಾದ ನೀರು ನಿರಂತರವಾಗಿ ಸಿಗುವಂತಿರಬೇಕು, ಪೂರೈಕೆ ಬಿಟ್ಟುಬಿಟ್ಟು ಬರುವ ಕಡೆ ಆಹಾರಕ್ಕೂ ತೊಳೆಯುವುದಕ್ಕೂ ಸಾಕಾಗುವಷ್ಟು ನೀರನ್ನು ಸಂಗ್ರಹಿಸಿಡುವ ವ್ಯವಸ್ಥೆ ಇರಬೇಕು ಎಂಬುದು ಅದರ ಸಾರಾಂಶ. ನಲ್ಲಿ ನಿಲ್ಲುವುದನ್ನು ನಮ್ಮ ನಿಯಮ ಮೊದಲೇ ಊಹಿಸಿದೆ. ಹಾಗಾಗಿ ‘ಟ್ಯಾಂಕರ್ ಬರಲಿಲ್ಲ’ ಎಂಬ ಕಾರಣವನ್ನು ಅಧಿಕಾರಿ ಕೇಳಿಸಿಕೊಂಡಾರು, ಆದರೆ ‘ನೀವು ಎಷ್ಟು ಕೂಡಿಟ್ಟಿದ್ದಿರಿ?’ ಎಂಬ ಮರುಪ್ರಶ್ನೆ ತಪ್ಪದು.

ಅನೈರ್ಮಲ್ಯದ ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ ಕಾಯ್ದೆಯ 56ನೇ ಕಲಮಿನಂತೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಸಾಮಾನ್ಯ ಕೊರತೆಗಳಿಗೆ 32ನೇ ಕಲಮಿನ ಸುಧಾರಣಾ ನೋಟಿಸು ಬರುತ್ತದೆ, ಸರಿಪಡಿಸಲು ಕನಿಷ್ಠ ಹದಿನಾಲ್ಕು ದಿನ ಕೊಡಲೇಬೇಕು. ಜನರ ಆರೋಗ್ಯಕ್ಕೆ ನೇರ ಅಪಾಯವಿದೆ ಎನಿಸಿದಾಗ 34ನೇ ಕಲಮಿನ ತುರ್ತು ನಿಷೇಧದ ದಾರಿ ಬೇರೆಯೇ ಇದೆ, ಅಲ್ಲಿ ಹದಿನಾಲ್ಕು ದಿನದ ಮಾತಿಲ್ಲ.

ಕಾರ್ಮಿಕ ಕಾನೂನಿನ ಕಡೆ ನಿಮಗೆ ಸ್ವಲ್ಪ ದುರದೃಷ್ಟವಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಕುಡಿಯುವ ನೀರು, ತೊಳೆಯುವ ಅನುಕೂಲ, ಹೆಂಗಸರಿಗೂ ಗಂಡಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರತ್ಯೇಕ ಶೌಚಾಲಯ ಇವೆಲ್ಲವನ್ನೂ ಹೇಳುತ್ತದೆ, ಆದರೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ನೀವು ಒಂಬತ್ತು ಜನ. (ಹಬ್ಬದ ತಿಂಗಳಲ್ಲಿ ಇನ್ನೊಬ್ಬರನ್ನು ಸೇರಿಸಿಕೊಳ್ಳುವ ಅಂಗಡಿಗಳು ಬಹಳ, ಆಗ ಲೆಕ್ಕ ಬದಲಾಗುತ್ತದೆ ಎಂಬುದನ್ನು ಮಾಲೀಕರು ಮರೆತಿರುತ್ತಾರೆ.) 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನಿಮಗೆ ಅನ್ವಯಿಸುತ್ತದಾದರೂ ಕೆಲಸದ ವೇಳೆ, ರಜೆ, ವೇತನಗಳೇ ಅದರ ಮುಖ್ಯ ಕಾಳಜಿ. ಆಹಾರದ ಕಾನೂನಿಗೆ ಈ ತಲೆ ಎಣಿಕೆಯ ಹಂಗಿಲ್ಲ. ಆಹಾರ ಮುಟ್ಟುವವರಿಗೆ ಕೈ ತೊಳೆದು ಒರೆಸಿಕೊಳ್ಳುವ ಅನುಕೂಲವೂ ಹೆಂಗಸರಿಗೆ, ಗಂಡಸರಿಗೆ ಪ್ರತ್ಯೇಕ ಶೌಚಾಲಯವೂ ಇರಬೇಕೆಂದು ಪರವಾನಗಿ ಪಡೆದ ಉದ್ದಿಮೆಗಳಿಂದ ಶೆಡ್ಯೂಲ್ 4 ನಿರೀಕ್ಷಿಸುತ್ತದೆ. ಆದ್ದರಿಂದ ನಿಮ್ಮಂಥ ಸಣ್ಣ ಬೇಕರಿಯಲ್ಲಿ ಶೌಚಾಲಯದ ಬೀಗದ ಪ್ರಶ್ನೆಯನ್ನು ಕೆಲಸಗಾರರ ಸೌಲಭ್ಯವೆಂದು ಎತ್ತುವುದಕ್ಕಿಂತ ಆಹಾರ ಸುರಕ್ಷತೆಯ ಪ್ರಶ್ನೆಯಾಗಿ ಎತ್ತಿದರೆ ಬೇಗ ಕಿವಿಗೆ ಬೀಳುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆನ್ನುತ್ತೇನೆ, ಆದರೆ ಅನುಭವ ಹೇಳುವುದು ಹಾಗೆ.

ಇನ್ನು ಕಾಯಿಲೆಯ ವಿಷಯ. ನೀರು ನಿಂತಾಗ ಎಲ್ಲರ ಕಣ್ಣು ನೆಲದ ಮೇಲೆ, ಸಿಂಕಿನಲ್ಲಿ ಬಿದ್ದ ಪಾತ್ರೆಗಳ ಮೇಲೆ ಹೋಗುತ್ತದೆ. ಅಪಾಯ ಹೆಚ್ಚಾಗಿ ಕೈಯಲ್ಲಿರುತ್ತದೆ. ಆರೋಗ್ಯವಂತರ ಮೂಗಿನಲ್ಲಿ, ಬೆರಳಿನ ಸಣ್ಣ ಗಾಯದಲ್ಲಿ ವಾಸವಿರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೇಕಿನ ಕ್ರೀಮಿಗೆ ಸೇರಿ, ಆ ಕ್ರೀಮು ಕೆಲವು ಗಂಟೆ ಹೊರಗೆ ಉಳಿದರೆ ವಿಷವನ್ನು ಉತ್ಪಾದಿಸುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಶೌಚಾಲಯದಿಂದ ಬಂದ ಕೈ ಸರಿಯಾಗಿ ತೊಳೆಯದಿದ್ದರೆ ವಾಂತಿ ಭೇದಿ ತರುವ ನೊರೊವೈರಸ್, ಹೆಪಟೈಟಿಸ್ ಎ, ಟೈಫಾಯ್ಡ್ ಇವೆಲ್ಲ ಸ್ಯಾಂಡ್‌ವಿಚ್ ಮೂಲಕ ಸಾಗಬಲ್ಲವು. ಹೆಪಟೈಟಿಸ್ ಎ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕಾಗುವುದರಿಂದ, ನಲ್ಲಿ ನಿಂತ ಆ ಮಂಗಳವಾರಕ್ಕೂ ಗಿರಾಕಿಯ ಕಾಮಾಲೆಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತನ್ನು ನಾನು ಅಷ್ಟಾಗಿ ನೆಚ್ಚದಿರುವುದು ಇದೇ ಕಾರಣಕ್ಕೆ.

ಸ್ಯಾನಿಟೈಸರ್ ಈ ಕೆಲಸಕ್ಕೆ ಸಾಲದು. ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ದ್ರಾವಣ ಒಣಗಿದ, ಶುದ್ಧವಾಗಿ ಕಾಣುವ ಕೈಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕರಿಯ ಕೈ ಎಂದರೆ ಮೈದಾ, ಡಾಲ್ಡಾ, ಮೊಟ್ಟೆ, ಸಕ್ಕರೆ ಪಾಕ. ಈ ಜಿಡ್ಡಿನ ಪದರದ ಕೆಳಗಿರುವ ಕ್ರಿಮಿಯನ್ನು ಅದು ತಲುಪುವುದೇ ಇಲ್ಲ. ನೊರೊವೈರಸ್ ಮೇಲೆ ಅದರ ಪರಿಣಾಮ ದುರ್ಬಲ. ಹಾಕಿಕೊಂಡ ಕೈ ಆರುವ ಮುನ್ನವೇ ಒಲೆಯ ಹತ್ತಿರ ಹೋದರೆ ಬೆಂಕಿ ಹಿಡಿಯುವ ಅಪಾಯ ಬೇರೆ. ಗ್ಲೌಸ್ ಕುರಿತೂ ಇದೇ ಮಾತು: ತೊಳೆಯದ ಕೈಗೆ ಹಾಕಿದ ಗ್ಲೌಸು ಹಾಕುವಾಗಲೇ ಹೊರಗಡೆಯೂ ಕೊಳೆಯಾಗುತ್ತದೆ, ಅದೇ ಗ್ಲೌಸಿನಲ್ಲಿ ಚಿಲ್ಲರೆ ಎಣಿಸಿ ಪಫ್ಸ್ ಎತ್ತಿಕೊಡುವುದನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಕ್ಯಾನ್ ನೀರು? ಕುಡಿಯಲು, ಹಿಟ್ಟು ಕಲಸಲು ಅದು ಸರಿ, ಮುಚ್ಚಳದ ಮೇಲೆ ಐಎಸ್‌ಐ ಗುರುತೂ ಐಎಸ್ 14543 ಎಂಬ ಸಂಖ್ಯೆಯೂ ಇರುವ ಕ್ಯಾನಾಗಿದ್ದರೆ. ಆದರೆ ಕ್ಯಾನಿನಿಂದ ಮಗ್ಗಿಗೆ ಸುರಿದು, ಆ ಮಗ್ಗಿನಲ್ಲಿ ಒಬ್ಬರಾದ ಮೇಲೊಬ್ಬರು ಕೈ ಅದ್ದುವುದು ತೊಳೆಯುವುದಾಗದು. ಕೈ ತೊಳೆಯಲು ನೀರು ಕೈಯ ಮೇಲಿಂದ ಹರಿದು ಕೆಳಗೆ ಹೋಗಬೇಕು, ಅಷ್ಟೆ. ಅದು ಕಟ್ಟಡದ ಕೊಳವೆಯಿಂದಲೇ ಬರಬೇಕೆಂದೇನಿಲ್ಲ. ಬುಡದಲ್ಲಿ ನಲ್ಲಿಯಿರುವ ಐವತ್ತು ಲೀಟರಿನ ಮುಚ್ಚಳದ ಡ್ರಮ್ಮನ್ನು ಸೊಂಟದೆತ್ತರದ ಸ್ಟ್ಯಾಂಡಿನ ಮೇಲಿಟ್ಟು, ಕೆಳಗೆ ಬಕೆಟ್, ಪಕ್ಕದಲ್ಲಿ ದ್ರವ ಸೋಪು, ಒರೆಸಲು ಟಿಶ್ಯೂ ಇಟ್ಟರೆ ಕೈ ತೊಳೆಯುವ ಜಾಗ ಸಿದ್ಧ. ಸೋಪು ಹಚ್ಚಿ ಉಜ್ಜುವಾಗ ನಲ್ಲಿ ಮುಚ್ಚಿಟ್ಟರೆ ಒಂದು ಸಲಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ಸಾಕು. ಇಂಥ ಡ್ರಮ್ಮು ಅಡುಗೆ ಭಾಗದಲ್ಲಿ ಒಂದು, ಶೌಚಾಲಯದ ಹೊರಗೆ ಒಂದು ಇರಲಿ. ಎರಡನ್ನೂ ಒಂದೇ ಕಡೆ ಇಟ್ಟರೆ ಶೌಚಾಲಯದಿಂದ ಬಂದವರು ಹಿಟ್ಟಿನ ಮೇಜು ದಾಟಿ ಕೈ ತೊಳೆಯಲು ಹೋಗಬೇಕಾಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ, ಏಕೆಂದರೆ ಮಾಲೀಕರನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಒಂಬತ್ತು ಜನ ದಿನಕ್ಕೆ ಎಂಟು ಸಲ ಕೈ ತೊಳೆದರೆ ಹೆಚ್ಚೆಂದರೆ 72 ಲೀಟರಿನಲ್ಲಿ ಮುಗಿಯುತ್ತದೆ. ಪ್ರತಿಯೊಬ್ಬರೂ ಮೂರು ಸಲ ಶೌಚಾಲಯಕ್ಕೆ ಹೋಗಿ ಒಮ್ಮೆಗೆ ಆರು ಲೀಟರ್ ಸುರಿದರೆ ಸುಮಾರು 160 ಲೀಟರ್. ಪಾತ್ರೆಗೆ ನಲವತ್ತು ಲೀಟರಿನ ಮೂರು ಟಬ್ಬು, ದಿನಕ್ಕೆ ಎರಡು ಸಲ ಬದಲಿಸಿದರೆ 240. ಕುಡಿಯಲು ಒಂದೂವರೆ ಕ್ಯಾನ್. ಎಲ್ಲ ಸೇರಿ ಐನೂರು ಲೀಟರ್ ಆಸುಪಾಸಿಗೆ ಬರುತ್ತದೆ. ಕಚೇರಿಗಳಿಗೆ ತಲೆಗೆ ದಿನಕ್ಕೆ 45 ಲೀಟರ್ ನೀರು ಬೇಕೆಂದು ಕಟ್ಟಡಗಳ ಮಾನದಂಡ ಹೇಳುತ್ತದೆ. ಆ ಪ್ರಕಾರ ಒಂಬತ್ತು ಜನರಿಗೆ 405 ಲೀಟರ್, ಮೇಲೆ ಪಾತ್ರೆಯ ಪಾಲು ಸೇರಿಸಿದರೆ ನಮ್ಮ ಲೆಕ್ಕ ತೀರ ಬಿಗಿಯೇ ಹೊರತು ಧಾರಾಳದ್ದಲ್ಲ. ಅಂದರೆ ನಿಮ್ಮ ಬೇಕರಿಯನ್ನು ಒಂದು ದಿನ ಕಾಪಾಡುವುದು 500 ಲೀಟರಿನ ಒಂದು ಸಣ್ಣ ಸಿಂಟೆಕ್ಸ್ ಟ್ಯಾಂಕು. 2024ರ ಬರದ ಬೇಸಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಖಾಸಗಿ ಟ್ಯಾಂಕರುಗಳಿಗೆ ನಿಗದಿ ಮಾಡಿದ ದರ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಇತ್ತು. ಈಗಿನ ಬೆಲೆ ಅದರ ಎರಡು ಮೂರು ಪಟ್ಟೇ ಆಗಿರಲಿ, ಐನೂರು ಲೀಟರಿನ ಬೆಲೆ ಒಂದು ಸಾಧಾರಣ ಕೇಕಿನ ಬೆಲೆಯನ್ನು ದಾಟುವುದಿಲ್ಲ.

ಕೊರತೆಯ ಮೂಲ ಎಲ್ಲಿದೆ ಎಂಬುದನ್ನೂ ಹೇಳಬೇಕು. ನಿಮ್ಮ ಭಾಗದ ಬಹಳಷ್ಟು ಕಟ್ಟಡಗಳು ಬೋರ್‌ವೆಲ್ಲನ್ನೇ ನಂಬಿ ಎದ್ದವು. ಹೊರವಲಯದ 110 ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, 2024ರ ಅಕ್ಟೋಬರಿನಲ್ಲಷ್ಟೇ ಉದ್ಘಾಟನೆಯಾಯಿತು. ಸಂಪರ್ಕಕ್ಕೆ ಅರ್ಜಿ ಹಾಕದ ಕಟ್ಟಡಗಳು ಈಗಲೂ ಇವೆ. ನಿಮ್ಮ ಕಟ್ಟಡದ ಮಾಲೀಕರು ಹಾಕಿದ್ದಾರೆಯೇ ಎಂದು ಕೇಳಿ ನೋಡಿ. ಆದರೆ ಹನ್ನೊಂದು ಗಂಟೆಗೆ ನಲ್ಲಿ ಒಣಗುವುದಕ್ಕೆ ಅಂತರ್ಜಲ ಒಂದೇ ಕಾರಣವಲ್ಲ. ನಾನು ಕಂಡ ಬಹುಪಾಲು ಅಂಗಡಿಗಳಲ್ಲಿ ಒಂದೇ ಟ್ಯಾಂಕು, ಅದರಿಂದಲೇ ಶೌಚಾಲಯಕ್ಕೂ ಅಡುಗೆಗೂ ಮೇಲಿನ ಮಹಡಿಯ ಬಾಡಿಗೆದಾರರಿಗೂ ಸಾಲು. ಫ್ಲಶ್ ಟ್ಯಾಂಕು ರಾತ್ರಿಯಿಡೀ ಸೋರಿ ಅಡುಗೆಯ ನೀರನ್ನು ತಿಂದಿರುತ್ತದೆ. ನಿಮ್ಮ ಮೀಸಲು ಟ್ಯಾಂಕು ಬೇರೆಯೇ ನಿಲ್ಲಬೇಕು, ಅದಕ್ಕೆ ಅದರದೇ ವಾಲ್ವ್ ಇರಬೇಕು, ಅದರ ಕೀಲಿ ನಿಮ್ಮ ಕೈಯಲ್ಲಿರಬೇಕು. ದಿನಾ ಬಳಸುವ ಟ್ಯಾಂಕು ಕಾಲುಭಾಗಕ್ಕೆ ಇಳಿದಾಗಲೇ ನಿರ್ಧಾರ ತೆಗೆದುಕೊಳ್ಳಿ. ನಲ್ಲಿ ಪೂರ್ತಿ ಒಣಗಿದ ಮೇಲೆ ಹಿಟ್ಟು ಮೆತ್ತಿದ ಕೈಯಲ್ಲಿ ನಿಂತು ಯೋಚಿಸುವವರಿಗೆ ಉಳಿದಿರುವುದು ಕೆಟ್ಟ ಆಯ್ಕೆಗಳೇ. ಬುಡದ ನೀರಿನ ಜೊತೆ ಕೆಸರೂ ಕೊಳವೆಗೆ ಇಳಿದಿರುತ್ತದೆ.

ಟ್ಯಾಂಕರ್ ನೀರಿನ ಕುರಿತು ಒಂದು ಎಚ್ಚರಿಕೆ. ನೀರು ಬಂತೆಂದರೆ ಕುಡಿಯುವ ನೀರೇ ಬಂತು ಎಂದುಕೊಳ್ಳಬೇಡಿ. ಜಲಮಂಡಳಿ 2025ರಲ್ಲಿ ಆರಂಭಿಸಿದ ‘ಸಂಚಾರಿ ಕಾವೇರಿ’ಯ ಟ್ಯಾಂಕರಾದರೆ ಒಳಗಿರುವುದು ಕಾವೇರಿ ನೀರು, ಖಾಸಗಿಯದು ಯಾವ ಬೋರಿನದೋ, ಟ್ಯಾಂಕರಿನ ಒಳಗೋಡೆ ತೊಳೆದು ಎಷ್ಟು ಕಾಲವಾಯಿತೋ. ತಿಳಿನೀರಾದರೆ ಒಳ್ಳೆಯ ಬ್ಲೀಚಿಂಗ್ ಪೌಡರನ್ನು 1,000 ಲೀಟರಿಗೆ ಎರಡೂವರೆ ಗ್ರಾಂ ಅಂದಾಜಿನಲ್ಲಿ, ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಬೇಕು. ಆಮೇಲೆ ನೀರಿನ ಕ್ಲೋರಿನ್ ಅಳೆಯುವ ಸಣ್ಣ ಸಾಧನವಾದ ಕ್ಲೋರೊಸ್ಕೋಪಿನಲ್ಲಿ ಪರೀಕ್ಷಿಸಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಕುಡಿಯುವ ನೀರಿನ ಐಎಸ್ 10500 ಮಾನದಂಡ ಕೇಳುವುದು ಅಷ್ಟು. ಉಳಿಯದಿದ್ದರೆ ನೀರು ಕೊಳೆಯಾಗಿದೆ ಎಂದರ್ಥ, ಇನ್ನಷ್ಟು ಹಾಕಿ ಮತ್ತೆ ಪರೀಕ್ಷಿಸಬೇಕು. ತೆರೆದಿಟ್ಟ ಬ್ಲೀಚಿಂಗ್ ಪೌಡರು ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಸಣ್ಣ ಪೊಟ್ಟಣಗಳಲ್ಲಿ ಕೊಳ್ಳುವುದು ಲೇಸು.

ಹೀಗೆ ಮೀಸಲು ನೀರಿದ್ದರೂ ನಲ್ಲಿ ನಿಂತ ದಿನ ಎಲ್ಲವನ್ನೂ ಮಾರುವಂತಿಲ್ಲ. ಬೆಳಗ್ಗೆಯೇ ಬೆಂದ ಬನ್, ಬ್ರೆಡ್, ರಸ್ಕ್, ಖಾರ ಬಿಸ್ಕತ್ತು, ಪ್ಯಾಕೆಟ್ ತಿಂಡಿ ಇವನ್ನು ಚಿಮುಟದಲ್ಲಿ ಎತ್ತಿ ಕಾಗದದಲ್ಲಿಟ್ಟು ಕೊಡುವುದಕ್ಕೆ ನನ್ನ ಅಭ್ಯಂತರವಿಲ್ಲ. ಜ್ಯೂಸು, ಹೆಚ್ಚಿದ ಹಣ್ಣು, ಸ್ಯಾಂಡ್‌ವಿಚ್, ಕ್ರೀಮ್ ಹಚ್ಚುವ ಕೆಲಸ, ಮೊಟ್ಟೆ ಒಡೆಯುವ ಕೆಲಸ ಇವು ನಿಲ್ಲಬೇಕು. ಹಸಿಯಾಗಿ ತಿನ್ನುವುದನ್ನು, ಕೈಯಿಂದ ಹಲವು ಸಲ ಮುಟ್ಟುವುದನ್ನು ಬೆಂಕಿ ಆಮೇಲೆ ಬಂದು ಶುದ್ಧ ಮಾಡುವುದಿಲ್ಲ. ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ ಉಳಿದ ಹಣ್ಣಿನ ನಾರನ್ನು ಒಂದು ಚೊಂಬು ನೀರಿನಲ್ಲಿ ತೊಳೆದು ತೆಗೆಯಲು ಸಾಧ್ಯವೂ ಇಲ್ಲ. ಟೀ ಕುದಿಯುತ್ತದೆ, ಹಾಗಾಗಿ ಟೀಯಿಂದ ತೊಂದರೆಯಿಲ್ಲ. ತೊಂದರೆ ಗಾಜಿನ ಲೋಟದ್ದು. ಕಾಗದದ ಲೋಟ, ಅಡಿಕೆ ಹಾಳೆಯ ತಟ್ಟೆ ಆ ದಿನದ ಮಟ್ಟಿಗೆ ಒಳ್ಳೆಯ ದಾರಿ. ಪ್ಲಾಸ್ಟಿಕ್ ಮತ್ತು ಥರ್ಮೊಕೋಲ್ ತಟ್ಟೆ, ಲೋಟಗಳು 2022ರ ಜುಲೈ 1ರಿಂದ ನಿಷೇಧದಲ್ಲಿವೆ, ನೀರಿನ ನೆಪದಲ್ಲಿ ಅವನ್ನು ತಂದರೆ ಇನ್ನೊಂದು ದಂಡವನ್ನು ಕರೆದುಕೊಂಡಂತೆ. ಎಸೆಯುವ ತಟ್ಟೆ ಬಂದ ಮಾತ್ರಕ್ಕೆ ಕೈ ತೊಳೆಯುವ ಅಗತ್ಯ ಕಡಿಮೆಯಾಗುವುದಿಲ್ಲ ಎಂಬುದನ್ನು ಮಾತ್ರ ಹುಡುಗರಿಗೆ ಒತ್ತಿ ಹೇಳಿ.

ತೊಳೆಯಲೇಬೇಕಾದ ಪಾತ್ರೆಗೆ ಮೂರು ಟಬ್ಬು: ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬರಿ ನೀರು, ಮೂರನೆಯದರಲ್ಲಿ ಕ್ಲೋರಿನ್. ಟಬ್ಬಿಗೆ ಹಾಕುವ ಮುನ್ನ ಎಂಜಲನ್ನೂ ಜಿಡ್ಡನ್ನೂ ಕಾಗದದಿಂದ ಒರೆಸಿ ತೆಗೆದರೆ ಅರ್ಧ ನೀರು ಉಳಿಯುತ್ತದೆ. ನಲವತ್ತು ಲೀಟರಿನ ಮೂರನೆಯ ಟಬ್ಬಿಗೆ ಶೇ. 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು 80 ಮಿಲಿಲೀಟರ್ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆ ಸಿಗುತ್ತದೆ. ಪಾತ್ರೆ ಒಂದೆರಡು ನಿಮಿಷ ಮುಳುಗಿದ್ದು, ಬಟ್ಟೆಯಲ್ಲಿ ಒರೆಸದೆ ತಾನಾಗಿ ಆರಲಿ. ಈ ದ್ರಾವಣವನ್ನು ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆ ಎಂದಿಗೂ ಸೇರಿಸಬಾರದು. ಸೇರಿದರೆ ಏಳುವ ಕ್ಲೋರಿನ್ ಅನಿಲ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ನೀರು ಕಡಿಮೆಯಿರುವ ದಿನ ‘ಎರಡನ್ನೂ ಹಾಕಿ ಗಟ್ಟಿಯಾಗಿ ಉಜ್ಜೋಣ’ ಎಂಬ ಉತ್ಸಾಹ ಹೆಚ್ಚುವುದರಿಂದ ಇದನ್ನು ಹೇಳುತ್ತಿದ್ದೇನೆ.

ಶೌಚಾಲಯಕ್ಕೆ ಬೀಗ ಹಾಕುವುದು ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ. ಗಲೀಜು ತಪ್ಪಿಸಲೆಂದು ಹಾಕಿದ ಬೀಗ ಗಲೀಜನ್ನು ಕೆಲಸಗಾರರ ದೇಹದೊಳಕ್ಕೆ ತಳ್ಳುತ್ತದೆ. ನೀರು ಕುಡಿಯದೆ, ಮೂತ್ರ ತಡೆದು, ಒಲೆಯ ಬಿಸಿಯಲ್ಲಿ ಏಳೆಂಟು ಗಂಟೆ ನಿಲ್ಲುವ ಹೆಂಗಸರಿಗೆ ಮೂತ್ರನಾಳದ ಸೋಂಕು ಬರುವ ಸಾಧ್ಯತೆ ಹೆಚ್ಚು. ಬೇಕರಿಯ ಓವನ್ ಪಕ್ಕದಲ್ಲಿ ತಲೆಸುತ್ತು, ನಿರ್ಜಲೀಕರಣ ದೂರದ ಮಾತಲ್ಲ. ಮುಟ್ಟಿನ ದಿನಗಳಲ್ಲಿ ಬಂಕಿಗೆ ನಡೆದು ಹೋಗಬೇಕಾದವರ ಪಾಡನ್ನು ನಾನು ವಿವರಿಸಬೇಕಿಲ್ಲ. ಪೆಟ್ರೋಲ್ ಬಂಕಿನ ಶೌಚಾಲಯ ದಾರಿಹೋಕರಿಗಾಗಿ ಇರುವ ಅನುಕೂಲ, ನಿಮ್ಮ ಮಾಲೀಕರ ಹೊಣೆಗೆ ಬದಲಿಯಲ್ಲ. ಅಲ್ಲಿ ಸೋಪು ಇತ್ತೇ, ಬಂದವರು ಕೈ ತೊಳೆದರೇ ಎಂಬುದು ಯಾರ ನಿಯಂತ್ರಣದಲ್ಲೂ ಇಲ್ಲ, ಆ ಕೈ ನೇರವಾಗಿ ಕೌಂಟರಿಗೆ ಮರಳುತ್ತದೆ.

ಕಮೋಡಿಗೆ ಕೊಳವೆಯ ನೀರೇ ಬೇಕಿಲ್ಲ. ಐದಾರು ಲೀಟರ್ ನೀರನ್ನು ಬಕೆಟ್ಟಿನಿಂದ ಒಂದೇ ರಭಸಕ್ಕೆ ಸುರಿದರೆ ಫ್ಲಶ್ ಆಗುತ್ತದೆ. ಮಗ್ಗಿನಲ್ಲಿ ಸ್ವಲ್ಪಸ್ವಲ್ಪ ಹಾಕಿದರೆ ಹತ್ತು ಲೀಟರ್ ಖರ್ಚಾದರೂ ಆಗುವುದಿಲ್ಲ. ಇದಕ್ಕೆ ಆರ್‌ಒ ಯಂತ್ರ ಹೊರಹಾಕುವ ನೀರು ಸಾಕು, ಸಂಸ್ಕರಿಸಿದ ನೀರು ಸಿಕ್ಕರೆ ಅದೂ ಆದೀತು, ಆದರೆ ಆ ಡ್ರಮ್ಮಿನ ಬಣ್ಣವೇ ಬೇರೆಯಿರಲಿ, ಮೇಲೆ ‘ಶೌಚಕ್ಕೆ ಮಾತ್ರ’ ಎಂದು ಬರೆದಿರಲಿ, ಅಡುಗೆ ಭಾಗದ ಹೊಸ್ತಿಲನ್ನು ಅದು ದಾಟದಿರಲಿ. ನೆಲದ ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಂತು ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುತ್ತದೆ. ಬೀಗ ಹಾಕಿ ಬಿಟ್ಟ ಶೌಚಾಲಯದಲ್ಲಿ ಅದು ಬೇಸಗೆಗೆ ಆರಿಹೋಗಿ ದುರ್ವಾಸನೆ ಅಂಗಡಿಗೆ ನುಗ್ಗುತ್ತದೆ. ನಿಮ್ಮ ಮಾಲೀಕರು ಹೇಳುವ ‘ಗಲೀಜು ವಾಸನೆ’ಯ ಒಂದು ಭಾಗ ಇದೇ ಇರಬಹುದು. ಬಕೆಟ್ಟಿನ ನೀರೂ ಮುಗಿದು, ಶೌಚಕ್ಕೂ ಕೈಗೂ ಏನೂ ಇಲ್ಲವೆಂದಾದರೆ ಆಗ ಅಂಗಡಿ ಮುಚ್ಚಬೇಕು. ಆ ಹಂತದಲ್ಲಿ ಪ್ಯಾಕೆಟ್ ಮಾರಾಟವನ್ನೂ ನಾನು ಸಮರ್ಥಿಸಲಾರೆ.

ಮಧ್ಯಾಹ್ನ ಮುಚ್ಚಿದರೆ ಸಂಬಳ? ಕೆಲಸಗಾರರ ಮನಸ್ಸಿಲ್ಲದಿರುವಿಕೆ ಕಾರಣವಾಗದೆ, ಮಾಲೀಕರು ಕೆಲಸ ಕೊಡಲಾಗದೆ ದಿನ ಅರ್ಧಕ್ಕೆ ನಿಂತರೆ ಪೂರ್ತಿ ದಿನದ ವೇತನ ಸಲ್ಲಬೇಕೆಂಬುದು 1948ರ ಕನಿಷ್ಠ ವೇತನ ಕಾಯ್ದೆಯಿಂದ ಬಂದು 2019ರ ವೇತನ ಸಂಹಿತೆಯಲ್ಲೂ ಉಳಿದಿರುವ ನಿಯಮ. ಇದು ಗೊತ್ತಿದ್ದರೆ ಹುಡುಗರು ‘ಮುಚ್ಚಬೇಡಿ ಅಕ್ಕಾ, ಹಾಗೇ ನಡೆಸೋಣ’ ಎನ್ನುವುದು ಕಡಿಮೆಯಾಗುತ್ತದೆ.

ನೀರು ಖಾಲಿಯಾಗಿದೆ, ಇದೇ ಸಮಯ ಎಂದು ಸಂಪು ತೊಳೆಯಲು ಯಾರನ್ನಾದರೂ ಇಳಿಸುವುದುಂಟು. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಒಬ್ಬರು ಕುಸಿದಾಗ ಎತ್ತಲು ಇಳಿದ ಇನ್ನೊಬ್ಬರೂ ಸಾಯುವುದು ಇಂಥಲ್ಲೇ. ಬೇಕರಿಯ ಹುಡುಗರನ್ನು ಅದಕ್ಕೆ ಇಳಿಸಬೇಡಿ, ಸಂಪು ತೊಳೆಯುವ ಯಂತ್ರವಿರುವವರನ್ನು ಕರೆಸಿ.

ನಲ್ಲಿ ಮರಳಿ ಬಂದಾಗಲೂ ಅವಸರ ಬೇಡ. ಒತ್ತಡವಿಲ್ಲದ ಖಾಲಿ ಕೊಳವೆ ಹೊರಗಿನ ಕೊಳೆಯನ್ನು ಬಿರುಕಿನಿಂದಲೂ ಬಕೆಟ್ಟಿನಲ್ಲಿ ಮುಳುಗಿದ ರಬ್ಬರ್ ಪೈಪಿನಿಂದಲೂ ಒಳಗೆ ಎಳೆದುಕೊಂಡಿರುತ್ತದೆ. ಎಲ್ಲ ನಲ್ಲಿಗಳನ್ನೂ ತೆರೆದು ಕಲಕು ಹೋಗುವವರೆಗೆ ಹರಿಯಬಿಟ್ಟು, ಆ ನೀರನ್ನು ಶೌಚದ ಡ್ರಮ್ಮಿಗೆ ತುಂಬಿಸಿಕೊಳ್ಳಿ. ಐಸ್ ಯಂತ್ರದ ಮೊದಲ ಐಸನ್ನು ಚೆಲ್ಲಿ, ಫಿಲ್ಟರ್ ನೋಡಿ, ಮೇಜು ಮತ್ತು ಮಿಕ್ಸಿಗಳನ್ನು ಮತ್ತೆ ತೊಳೆದು ಕ್ಲೋರಿನ್ ಒರೆಸಿದ ನಂತರವೇ ಜ್ಯೂಸ್ ಕೌಂಟರ್ ತೆರೆಯಲಿ.

ಕೊನೆಯದಾಗಿ ನಿಮ್ಮ ಮೇಲೆ ಬರುವ ಹೊಣೆ. ಕಾಯ್ದೆಯ ಪ್ರಕಾರ ಮುಖ್ಯ ಹೊಣೆ ಆಹಾರ ಉದ್ದಿಮೆಯನ್ನು ನಡೆಸುವವರದು, ಅಂದರೆ ಮಾಲೀಕರದು. ಆದರೆ ಪರವಾನಗಿಯ ಅರ್ಜಿಯಲ್ಲಿ ಹೊಣೆಗಾರ ವ್ಯಕ್ತಿಯೆಂದು ನಿಮ್ಮ ಹೆಸರನ್ನು ನಾಮನಿರ್ದೇಶನ ಮಾಡಿ ಸಹಿ ಹಾಕಿಸಿಕೊಂಡಿದ್ದರೆ ಪ್ರಶ್ನೆ ನಿಮ್ಮ ಬಾಗಿಲಿಗೂ ಬರುತ್ತದೆ. ಕೌಂಟರಿನ ಮೇಲೆ ತೂಗುಹಾಕಿರುವ ಹದಿನಾಲ್ಕು ಅಂಕಿಗಳ ಪರವಾನಗಿಯ ಕಡತವನ್ನು ಒಮ್ಮೆ ಕೇಳಿ ಓದಿ. ಎಷ್ಟೋ ಮೇಲ್ವಿಚಾರಕರು ಅದನ್ನು ನೋಡಿಯೇ ಇರುವುದಿಲ್ಲ. ಇಡೀ ಕೆಲಸವನ್ನು ನಿರಾಕರಿಸುವುದಕ್ಕಿಂತ ‘ಇಂದು 11 ಗಂಟೆಗೆ ನೀರು ನಿಂತಿದೆ, ಜ್ಯೂಸ್ ಮತ್ತು ಕ್ರೀಮ್ ಕೆಲಸ ನಿಲ್ಲಿಸಿದ್ದೇನೆ, ಶೌಚಾಲಯದ ಬೀಗ ತೆಗೆಸಿ ಬಕೆಟ್ ಇಡಿಸಿದ್ದೇನೆ’ ಎಂದು ಮಾಲೀಕರಿಗೆ ವಾಟ್ಸ್ಆ್ಯಪ್ ಸಂದೇಶ ಕಳಿಸಿಡುವುದು ನಿಮ್ಮನ್ನು ಹೆಚ್ಚು ಕಾಯುತ್ತದೆ. ಮೊದಲು ಮೇಲಿನ ಐನೂರು ಲೀಟರಿನ ಲೆಕ್ಕವನ್ನು ಅವರ ಮುಂದಿಡಿ. ನೀವೇ ಹೇಳುವಂತೆ ಅವರು ಕೆಟ್ಟವರಲ್ಲ, ಬಹುಶಃ ಯಾರೂ ಅವರಿಗೆ ಲೆಕ್ಕ ಮಾಡಿ ತೋರಿಸಿಲ್ಲ. ಆಮೇಲೂ ಬೀಗ ಮುಂದುವರಿದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಅಥವಾ ನಿಮ್ಮ ಪ್ರದೇಶದ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ, ವೇತನ ಕಡಿತವಾದರೆ ಕಾರ್ಮಿಕ ನಿರೀಕ್ಷಕರಲ್ಲಿ, ನೀರಿನ ಪೂರೈಕೆಯ ಬಗ್ಗೆ ಜಲಮಂಡಳಿಯ ಸಹಾಯವಾಣಿ ಸಂಖ್ಯೆ 1916ಕ್ಕೆ ಕರೆಮಾಡಿ ದೂರು ಕೊಡಬಹುದು. ದೂರಿನಲ್ಲಿ ಪರವಾನಗಿ ಸಂಖ್ಯೆ, ನೀರು ನಿಂತ ದಿನ ಮತ್ತು ಗಂಟೆ, ಆ ಹೊತ್ತಿನಲ್ಲಿ ಏನನ್ನು ಮಾರಲಾಗುತ್ತಿತ್ತು, ಶೌಚಾಲಯಕ್ಕೆ ಬೀಗ ಇತ್ತೇ ಎಂಬಿಷ್ಟನ್ನು ಬರೆದು, ಬೀಗದ ಒಂದು ಫೋಟೊ ಸೇರಿಸಿ.